ಎರಡು ಕೇಳಿದೆ, ಮೂರು ಕೊಟ್ಟ

ಬಾಕ್ಸಿಂಗ್ ಕೋಚ್ ಆಗಿ ಈಗಷ್ಟೇ ಕೆಲಸಕ್ಕೆ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತಾ, "ಸರ್, ನೀವು ರಾಜ್ಯ ಚಾಂಪಿಯನ್ ಆದಾಗ ಹೇಗನ್ನಿಸ್ತು?" ಎಂದು ಕೇಳಿದಳು. ನನಗೆ ನಗು ಬಂತು. ಆ ದಿನದ್ದು ನನಗೆ ಚೆನ್ನಾಗಿ ನೆನಪಿರುವುದು ಒಂದೇ. ಎರಡು ಕಣ್ಣೂ ಊದಿಕೊಂಡು ಫೋಟೋಗ್ರಾಫರ್ ಯಾವ ಕಡೆ ನಿಂತಿದ್ದಾನೆಂದು ಕಾಣದೆ, ಗೋಡೆಯ ಕಡೆ ತಿರುಗಿ ನಕ್ಕಿದ್ದೆ. ಆ ಫೋಟೋ ಈಗಲೂ ನಮ್ಮ ಮನೆಯ ಹಾಲ್‌ನಲ್ಲಿ ನೇತಾಡುತ್ತಿದೆ. ಪದಕ, ಬಡ್ತಿ, ಸನ್ಮಾನದ ಶಾಲುಗಳ ಕಥೆ ಕೇಳಿ ಅವಳಿಗೆ ಆಗಬೇಕಾದದ್ದೇನೂ ಇಲ್ಲ. ಕೆಲಸ ನಿಜವಾಗಿ ಹೇಗಿರುತ್ತದೆಂದು ಹೇಳತೊಡಗಿದೆ. ಮಧ್ಯಾಹ್ನದ ಊಟದ ಹೊತ್ತಾದರೂ ಮುಗಿಯಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಮನೆಮಾತು ದಖ್ಖನಿ. ಮನೆಯವರು ಆಡಿದ್ದನ್ನು ಕನ್ನಡಕ್ಕೆ ತಂದಿದ್ದೇನೆ. ನನ್ನ ಹೆಂಡತಿ ಶಮೀಮ್ ಬೈದದ್ದರಲ್ಲಿ ಅರ್ಧ ಮಾತ್ರ ಕನ್ನಡಕ್ಕೆ ಬರುತ್ತದೆ, ಅಷ್ಟರಲ್ಲೇ ತೃಪ್ತಿ ಪಡಬೇಕು.

ಆಡುವ ವಯಸ್ಸು ಮುಗಿದ ಮೇಲೆ ನಾನು ಕೆಲಸಕ್ಕಿದ್ದ ಕಾರ್ಖಾನೆಯವರು ಅವರ ಬಾಕ್ಸಿಂಗ್ ತಂಡಕ್ಕೆ ನನ್ನನ್ನೇ ಕೋಚ್ ಮಾಡಿದರು. ನನ್ನ ಮೇಲಿದ್ದವರು ಒಬ್ಬ ಕ್ರೀಡಾಧಿಕಾರಿ. ದೊಡ್ಡ ಮನಸ್ಸಿನ ಮನುಷ್ಯ, ಆದರೆ ಅವರಿಗೆ ತಿಳಿದಿದ್ದ ಆಟ ಹಾಕಿ ಒಂದೇ. ಮೊದಲ ಸಲ ಬಾಕ್ಸಿಂಗ್ ನೋಡಲು ಬಂದು ಕೂತವರು ನನ್ನ ಕಿವಿಯಲ್ಲಿ, "ಅನ್ವರ್, ಗೋಲ್‌ಕೀಪರ್ ಯಾರ್ರೀ ಇವ್ರಲ್ಲಿ?" ಎಂದು ಕೇಳಿದ್ದರು.

ಒಂದು ವರ್ಷ ನಮ್ಮ ಪಂದ್ಯಾವಳಿಯ ಉದ್ಘಾಟನೆಗೆ ಅವರೇ ಮುಖ್ಯ ಅತಿಥಿ. ಗ್ಲೌಸ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಆಸೆಯಾಯಿತು ಅವರಿಗೆ. ಈಗಿನ ಗ್ಲೌಸ್‌ಗೆ ಪಟ್ಟಿ ಇರುತ್ತದೆ, ಎಳೆದರೆ ಚರ್ ಎಂದು ಬಿಚ್ಚಿಕೊಳ್ಳುತ್ತದೆ. ಆಗಿನದಕ್ಕೆ ಲೇಸು. ನಮ್ಮ ಹುಡುಗನೊಬ್ಬ ಅಭ್ಯಾಸಬಲದಿಂದ ಪಂದ್ಯಕ್ಕೆ ಕಟ್ಟುವ ಹಾಗೆಯೇ ಬಿಗಿದು, ಗಂಟು ಹಾಕಿ, ಮೇಲೆ ಟೇಪ್ ಸುತ್ತಿಬಿಟ್ಟ. ಫೋಟೋ ಆಯಿತು. ಗಂಟು ಬಿಚ್ಚಲಿಲ್ಲ. ಕತ್ತರಿ ಹುಡುಕಲು ಒಬ್ಬ ಓಡಿದ. ಅಷ್ಟರಲ್ಲಿ ಸ್ವಾಗತ ಭಾಷಣ ಶುರುವಾಯಿತು. ಸಾಹೇಬರು ಗ್ಲೌಸಿನಲ್ಲೇ ಹಾರ ಹಾಕಿಸಿಕೊಂಡರು. ಗ್ಲೌಸಿನಲ್ಲೇ ಚಪ್ಪಾಳೆ ತಟ್ಟಿದರು, ಧಪ್ ಧಪ್ ಎಂದು ತಲೆದಿಂಬು ಬಡಿದ ಹಾಗೆ ಕೇಳಿಸುತ್ತಿತ್ತು. ತಿಂಡಿ ಬಂದಾಗ ಹೆವಿವೇಯ್ಟ್ ಹುಡುಗನೊಬ್ಬ ಪಕ್ಕದಲ್ಲಿ ನಿಂತು ಬೋಂಡಾ ಮುರಿದು ಮುರಿದು ಅವರ ಬಾಯಿಗಿಟ್ಟ. "ಚಟ್ನಿ ಸ್ವಲ್ಪ ಜಾಸ್ತಿ ಅದ್ದಪ್ಪ" ಎಂದರು ಸಾಹೇಬರು, ಒಂದಿಷ್ಟೂ ಬೇಜಾರಿಲ್ಲದೆ. ಪಟ್ಟಿಯ ಗ್ಲೌಸ್ ಬಂದಾಗ ಕೋಚ್‌ಗಳೆಲ್ಲ ಸಮಯ ಉಳಿಯಿತೆಂದು ಹೊಗಳಿದರು. ನಾನು ಆ ಮುಖ್ಯ ಅತಿಥಿಯನ್ನು ನೆನೆದು ಹೊಗಳಿದೆ.

ತೂಕದ ಕಥೆ ಹೇಳದಿದ್ದರೆ ಬಾಕ್ಸಿಂಗ್ ಕಥೆ ಹೇಳಿದಂತೆಯೇ ಅಲ್ಲ. ಬಾಕ್ಸರ್ ತನ್ನ ವರ್ಗದ ತೂಕಕ್ಕಿಂತ ಒಂದು ಚೂರು ಹೆಚ್ಚಿದ್ದರೂ ರಿಂಗಿಗೆ ಹತ್ತಿಸುವುದಿಲ್ಲ. ಆಗ ನಮ್ಮ ಬಳಿ ತೂಕದ ಯಂತ್ರ ಇರಲಿಲ್ಲ. ಮಾಕಳಿಯಿಂದ ಬರುತ್ತಿದ್ದ ಕೆಂಪರಾಜ ಎಂಬ ಹುಡುಗನನ್ನು ದಿನಾ ಹತ್ತಿರದ ಗುಜರಿ ಅಂಗಡಿಯ ತಕ್ಕಡಿ ಮೇಲೆ ನಿಲ್ಲಿಸುತ್ತಿದ್ದೆ. ದಿನೇ ದಿನೇ ತೂಕ ಇಳಿಯುತ್ತಿತ್ತು, ನನಗೋ ಹಿಗ್ಗೋ ಹಿಗ್ಗು. ಪಂದ್ಯದ ಬೆಳಿಗ್ಗೆ ಅಧಿಕೃತ ಯಂತ್ರದ ಮೇಲೆ ನಿಲ್ಲಿಸಿದರೆ ದೊಡ್ಡ ಕುಂಬಳಕಾಯಿಯಷ್ಟು ಹೆಚ್ಚು! ಆಮೇಲೆ ಹೊಳೆಯಿತು. ಗುಜರಿಯವನು ಕೊಳ್ಳುವವನು, ಮಾರುವವನಲ್ಲ. ಅವನ ತಕ್ಕಡಿ ಯಾವ ಜನ್ಮದಲ್ಲಿ ಸರಿಯಾದ ತೂಕ ತೋರಿಸೀತು?

ಕೆಂಪರಾಜನಿಗೆ ಪ್ಲಾಸ್ಟಿಕ್ ರೈನ್‌ಕೋಟ್ ತೊಡಿಸಿ ಬಿಸಿಲಲ್ಲಿ ಓಡಿಸಿದೆ. ಉಗುಳಿಸಿದೆ. ಬನಿಯನ್ ಬಿಚ್ಚಿಸಿದೆ. ಕೊನೆಗೆ ಒಂದು ಹಿಡಿಯಷ್ಟು ಮಾತ್ರ ಉಳಿಯಿತು. ಅವನ ತಲೆ ನೋಡಿದೆ, ಕಾಡಿನಂಥ ಕೂದಲು. ಎದುರಿನ ಸೆಲೂನಿಗೆ ಎಳೆದುಕೊಂಡು ಹೋಗಿ ನುಣ್ಣಗೆ ಬೋಳಿಸಿದೆ. ಮುಳ್ಳು ಸರಿಯಾಗಿ ಗೆರೆಯ ಮೇಲೆ ನಿಂತಿತು. ಎಲ್ಲರೂ ಕೇಕೆ ಹಾಕಿದೆವು. ಹುಡುಗ ಗೆದ್ದೂ ಗೆದ್ದ.

ಮರುದಿನ ಅವನ ಅಪ್ಪ ಮಾಕಳಿಯಿಂದ ಬಸ್ಸು ಹತ್ತಿ ಬಂದ. ಕೈಯಲ್ಲಿ ಕೊಡೆ, ಮೈಯೆಲ್ಲ ಕೋಪ.

"ಯಾವನ್ ಸ್ವಾಮಿ ಇಲ್ಲಿ ಕೋಚು?"

"ನಾನೇ. ಏನಾಯ್ತು?"

"ಏನಾಯ್ತಾ? ನಾನಿನ್ನೂ ಬದ್ಕಿವ್ನಿ! ಅಪ್ಪ ಸತ್ತೋರ್ ಇಂಗೆ ತಲೆ ಬೋಳುಸ್ಕೊಳ್ಳೋದು! ಊರಾಗ್ ಎಲ್ರೂ ನಮ್ಮನೆ ಮುಂದೆ ಬಂದು ಅಳ್ತಾ ನಿಂತವ್ರೆ. ನಮ್ಮಕ್ಕ ಆರ ತಕಂಡ್ ಬಂದವ್ಳೆ. ಬಾಗ್ಲು ತೆಗ್ದೋನು ನಾನೇ!"

ನಾನು ನಗು ತಡೆಯಲು ಕೆಮ್ಮಿದೆ. ಕೆಮ್ಮು ನಗುವಾಯಿತು. ಆತ ಕೊಡೆ ಎತ್ತಿದವನು, ಬಾಗಿಲು ತೆಗೆದಾಗ ಅಕ್ಕನ ಮುಖ ಹೇಗಾಯಿತೆಂದು ನೆನಪಾಗಿ ತಾನೂ ನಗತೊಡಗಿದ. ಅವಳು ತಂದಿದ್ದ ಹಾರವನ್ನು ಮಗನ ಕೊರಳಿಗೇ ಹಾಕಿಸಿದನಂತೆ. ತಕ್ಕಡಿಯ ವಿಷಯದಲ್ಲಿ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇಲ್ಲ.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಯಲಹಂಕದ ಕಡೆಯ ಸಿಂಗಾಪುರದಲ್ಲಿ, ಊರು ಬಡಾವಣೆಯಾಗುವ ಮುಂಚೆ ಯಾರದೋ ಹಸುಗಳಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು ರಿಂಗ್ ಹಾಕಿದೆ. ಮಗ ಇಮ್ರಾನ್ ಚಿಕ್ಕಂದಿನಿಂದ ಕ್ರಿಕೆಟ್ ಆಡಿಕೊಂಡಿದ್ದವನು, ಪಿಯುಸಿ ಮುಗಿಸಿದ ವರ್ಷ ತಾನಾಗಿಯೇ ಬಂದು ಗ್ಲೌಸ್ ಕೇಳಿದ. ನಾನು ಕರೆದಿರಲಿಲ್ಲ. ಕರೆಯಬಾರದೆಂದು ಶಮೀಮ್ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಅವನೇ ಬಂದರೆ ಏನು ಮಾಡಬೇಕೆಂದು ಆಣೆಯಲ್ಲಿ ಇರಲಿಲ್ಲ.

ಮೊದಲ ವಾರದಲ್ಲೇ ಒಂದು ತೊಡಕು. ಅವನು ನನ್ನನ್ನು ಕರೆಯುವುದು "ಅಬ್ಬಾ" ಎಂದು. ಅಭ್ಯಾಸದ ನಡುವೆ ಏನಾದರೂ ಕೇಳಲು "ಅಬ್ಬಾ!" ಎಂದರೆ ಸಾಕು, ಎದುರಿನ ಹುಡುಗರು ಪೆಟ್ಟು ಜೋರಾಗಿ ಬಿತ್ತೆಂದುಕೊಂಡು, "ಸಾರಿ ಮಗಾ" ಎಂದು ಕೈ ಇಳಿಸಿಬಿಡುತ್ತಿದ್ದರು. ಆ ಸಂದಿನಲ್ಲಿ ಇವನು ಎರಡು ಬಾರಿಸುತ್ತಿದ್ದ. ಹುಡುಗರು ದೂರು ತಂದರು. ಹಾಗಾಗಿ ಶೆಡ್ಡಿನೊಳಗೆ ನಾನು "ಸರ್" ಆದೆ, ಮನೆಯಲ್ಲಿ "ಅಬ್ಬಾ". ಇಮ್ರಾನ್ ಇದನ್ನು ಎಷ್ಟು ಚೆನ್ನಾಗಿ ಹಿಡಿದುಕೊಂಡನೆಂದರೆ, ಊಟಕ್ಕೆ ಕೂತಾಗ ನನಗೇ ನನ್ನ ಮೇಲೆ ಚಾಡಿ ಹೇಳುತ್ತಿದ್ದ.

"ಅಬ್ಬಾ, ನಮ್ಮ ಸರ್ ಇವತ್ತು ಸುಮ್ಸುಮ್ನೆ ಬೈದ್ರು."

"ಹೌದಾ? ಏನಂದ್ರು?"

"ನಾನು ಕಾಲು ಎಳ್ಕೊಂಡು ನಡೀತೀನಂತೆ, ಒಂಟೆ ಥರ."

"ನಿಮ್ಮ ಸರ್‌ಗೆ ವಯಸ್ಸಾಯ್ತು ಕಣೋ. ಮನಸ್ಸಿಗೆ ಹಚ್ಕೋಬೇಡ."

"ಅವರಿಗೆ ಇನ್ನೊಂದು ರೊಟ್ಟಿ ಹಾಕು ಅಮ್ಮಿ, ನಾಳೆಯಾದ್ರೂ ಸ್ವಲ್ಪ ಸಮಾಧಾನವಾಗಿರ್ಲಿ" ಎಂದು ತಾಯಿಗೆ ಹೇಳುತ್ತಿದ್ದ. ಶಮೀಮ್ ಇಬ್ಬರನ್ನೂ ನೋಡಿ, "ಒಬ್ಬ ಹುಚ್ಚನನ್ನ ಕಟ್ಕೊಂಡೆ, ಇನ್ನೊಬ್ಬನನ್ನ ಹೆತ್ತೆ" ಎಂದು ಒಳಗೆ ಹೋಗುತ್ತಿದ್ದಳು.

ಹುಡುಗ ಬೆಳೆದ. ಒಂಟೆ ನಡಿಗೆ ಹೋಗಿ ಬೆಕ್ಕಿನ ನಡಿಗೆ ಬಂತು. ರಾಜ್ಯ ಮಟ್ಟದ ಪಂದ್ಯಾವಳಿಗೆ ಇನ್ನೆರಡು ವಾರವಿತ್ತು. ಅಲ್ಲಿ ಗೆದ್ದವನಿಗೆ ರಾಷ್ಟ್ರೀಯ ಪಂದ್ಯಕ್ಕೆ ದಾರಿ, ಆ ವಯೋಮಿತಿಯಲ್ಲಿ ಅವನಿಗೆ ಅದೇ ಕೊನೆಯ ವರ್ಷ. ಒಂದು ಸಂಜೆ ನಾನು ಪ್ಯಾಡ್ ಹಿಡಿದಿದ್ದೆ. ಪ್ಯಾಡ್ ಎಂದರೆ ಕೋಚ್ ಎರಡೂ ಅಂಗೈಗೆ ಹಾಕಿಕೊಳ್ಳುವ ಮೆತ್ತೆ. ಕೋಚ್ ಕೇಳಿದ ಹೊಡೆತವನ್ನು ಬಾಕ್ಸರ್ ಅದರ ಮೇಲೆ ಹೊಡೆಯಬೇಕು. ನಾನು "ಎಡ, ಬಲ" ಎಂದೆ. ಅವನು ಎಡ ಹೊಡೆದ, ಬಲ ಹೊಡೆದ. ನಾನು ಪ್ಯಾಡ್ ಇಳಿಸಿ, ಮೂಲೆಯಲ್ಲಿ ಫೋನ್ ನೋಡುತ್ತಿದ್ದ ಹುಡುಗನೊಬ್ಬನನ್ನು ಗದರಿಸಲು ತಿರುಗಿದೆ. ಅಷ್ಟರಲ್ಲಿ ಇಮ್ರಾನನ ಎಡಗೈ ಸೊಂಟದ ತಿರುವಿನಿಂದ, ಹುಕ್ ಎನ್ನುತ್ತಾರಲ್ಲ ಹಾಗೆ, ಇನ್ನೊಮ್ಮೆ ಬಂತು. ಎರಡು ಕೇಳಿದ್ದೆ, ಮೂರು ಕೊಟ್ಟ. ಮೂರನೆಯದು ನನ್ನ ಗದ್ದಕ್ಕೆ ಬಿತ್ತು.

ಕಣ್ಣು ಬಿಟ್ಟಾಗ ನೆಲದ ಮೇಲೆ ಕೂತಿದ್ದೆ. ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು. ಕರೆಂಟ್ ಇರಲಿಲ್ಲ.

ನಾನು ಆಡಿದ ಅಷ್ಟೂ ವರ್ಷಗಳಲ್ಲಿ ಯಾರೂ ನನ್ನನ್ನು ಕೆಳಗೆ ಕೂರಿಸಿರಲಿಲ್ಲ. ಸೋತಿದ್ದೇನೆ, ಆದರೆ ನಿಂತುಕೊಂಡೇ. ಈಗ ನನ್ನ ಮಗ ಕೂರಿಸಿದ್ದ! ಅದೂ ಎಂಥ ಹೊಡೆತ, ಹೆಗಲು ಸ್ವಲ್ಪವೂ ಸುಳಿವು ಕೊಡದೆ, ಹಿಮ್ಮಡಿಯಿಂದ ಎದ್ದು ಬಂದದ್ದು. ನನಗೆ ನಗು ಉಕ್ಕಿತು. ನಿಲ್ಲಿಸಲಾಗಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. "ಸರ್‌ಗೆ ತಲೆಗೆ ಏರ್ಬಿಟ್ಟಿದೆ ಗುರು, ಆಸ್ಪತ್ರೆಗೆ ನಡೀರೋ" ಎಂದು ನನ್ನನ್ನು ಎತ್ತಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೊತ್ತೊಯ್ದರು.

ಅಲ್ಲಿ ಒಬ್ಬರು ಡಾಕ್ಟರಮ್ಮ. ಬೆಳಕು ಬಿಟ್ಟು ಕಣ್ಣು ನೋಡಿ, "ಏನಾಯ್ತು ತಾತ?" ಎಂದರು.

"ಮಗ ಹೊಡೆದ ಡಾಕ್ಟ್ರೇ" ಎಂದೆ, ನಗುತ್ತಲೇ.

ಅವರ ಮುಖ ಗಂಭೀರವಾಯಿತು. ಪಕ್ಕದಲ್ಲಿ ಬಿಳುಚಿಕೊಂಡು ನಿಂತಿದ್ದ ಇಮ್ರಾನನ ಕಡೆ ತಿರುಗಿದರು. "ನಾಚಿಕೆ ಆಗಲ್ವಾ ನಿನಗೆ? ಈ ವಯಸ್ಸಿನ ಅಪ್ಪನ ಮೇಲೆ ಕೈ ಮಾಡ್ತೀಯಾ?"

"ಎಡಗೈ ಡಾಕ್ಟ್ರೇ, ಎಡಗೈ!" ಎಂದೆ. "ಬಲಗೈ ಇನ್ನೂ ಚೆನ್ನಾಗಿದೆ."

"ಹೆದರ್ಬೇಡಿ ತಾತ. ದಿನಾ ಹೊಡೀತಾನಾ?"

"ದಿನಾ ಎರಡು ಹೊತ್ತು. ಭಾನುವಾರ ರಜ."

ಅವರು ಪೊಲೀಸರಿಗೆ ಹೇಳಲು ಫೋನ್ ಕೈಗೆತ್ತಿಕೊಂಡರು. ಹುಡುಗರೆಲ್ಲ ಒಟ್ಟಿಗೆ ಕೂಗಾಡಿ, ಗ್ಲೌಸ್ ತೋರಿಸಿ, ಶೆಡ್ಡಿನ ಬೋರ್ಡಿನ ಫೋಟೋ ತೋರಿಸಿದ ಮೇಲೆ ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತು ತಾವೂ ನಕ್ಕರು. ಎರಡು ದಿನ ವಿಶ್ರಾಂತಿ, ಮತ್ತೆ ಪ್ಯಾಡ್ ಮುಟ್ಟಕೂಡದು ಎಂದರು. ನಾನು ಅಲ್ಲಿಂದಲೇ ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದೆ. "ಮಗ ನನ್ನ ಬೀಳಿಸ್ಬಿಟ್ಟ ಕಣ್ರೋ!" ಮೊಮ್ಮಗ ಹುಟ್ಟಿದಾಗಲೂ ಜನ ಅಷ್ಟು ಸಡಗರದಿಂದ ಫೋನ್ ಮಾಡುವುದಿಲ್ಲ.

ನನ್ನ ಸಡಗರದಲ್ಲಿ ನಾನು ಮಗನ ಮುಖ ನೋಡಿರಲಿಲ್ಲ.

ಮೂರನೆಯ ದಿನ ಶೆಡ್ಡಿಗೆ ಹೋಗಿ ನೋಡಿದರೆ ಅವನ ಎಡಗೈ ಸತ್ತಿತ್ತು. ಬೇರೆ ಹುಡುಗರ ಮೇಲೂ, ನೇತು ಹಾಕಿದ ಮೂಟೆಯ ಮೇಲೂ ಮಗುವಿನ ಬೆನ್ನು ತಟ್ಟಿದ ಹಾಗೆ ಹೊಡೆಯುತ್ತಿದ್ದ. ಬೈದೆ, ಹುರಿದುಂಬಿಸಿದೆ, ಏನೂ ಆಗಲಿಲ್ಲ. ಆ ಸಂಜೆ ಮನೆಗೆ ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತವನು ನನ್ನ ಬೆನ್ನಿಗೆ ಹೇಳಿದ.

"ಅಬ್ಬಾ, ನೀವು ಕೆಳಗೆ ಕೂತಿದ್ರಲ್ಲ, ಆವಾಗ ಮೇಲಿಂದ ನೋಡ್ದೆ. ನಿಮ್ಮ ತಲೆ ಎಲ್ಲಾ ಬೆಳ್ಳಗಾಗಿದೆ. ನಾನು ಮುಂಚೆ ಯಾವತ್ತೂ ನೋಡೇ ಇರ್ಲಿಲ್ಲ."

ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ಮನೆಯಲ್ಲಿ ಶಮೀಮಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, ತಲೆಯೆತ್ತದೆ, "ನಿಮ್ಮ ಮುಖ ಕಂಡ್ರೆ ಅವನಿಗೆ ಹೊಡೆಯೋಕೆ ಆಗ್ತಿಲ್ಲ. ನನಗಾದ್ರೆ ಆಗುತ್ತೆ. ಅವನಿಗೆ ಬೇರೆ ಮುಖ ತೋರಿಸಿ" ಎಂದಳು.

ಬೇರೆ ಮುಖವೆಂದರೆ ಒಂದೇ ನೆನಪಾಯಿತು, ಯಶವಂತಪುರದ ದೊರೈ. ನನ್ನ ಕಾಲದ ಎದುರಾಳಿ. ನಾವಿಬ್ಬರೂ ಎದುರಾದ ಪಂದ್ಯಗಳಲ್ಲೆಲ್ಲ ನಾನೇ ಗೆದ್ದೆ ಎಂದು ನಾನು ಹೇಳುತ್ತೇನೆ. ಅದರಲ್ಲಿ ಅರ್ಧ ತನ್ನದೆಂದು ಅವನು ಹೇಳುತ್ತಾನೆ. ಅವನ ಬಾಗಿಲಿಗೆ ಹೋಗಿ, "ನನ್ನ ಮಗನಿಗೆ ನೀನು ಪ್ಯಾಡ್ ಹಿಡೀಬೇಕು" ಎಂದೆ.

ದೊರೈ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇನ್ನೊಂದ್ ಸಲ ಹೇಳು ಮಚ್ಚಾ. ಮನೆಯೋರೂ ಕೇಳಿಸ್ಕೊಳ್ಲಿ."

ಅವನು ಒಂದೇ ಒಂದು ಷರತ್ತು ಹಾಕಿದ. ಅವನು ಕಲಿಸುವಾಗ ನಾನು ಶೆಡ್ಡಿನೊಳಗೆ ಇರಕೂಡದು. ಒಪ್ಪಿ ಹೊರಗೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತೆ. ಒಳಗಿನಿಂದ ದೊರೈಯ ದನಿ ಕೇಳಿಸಿತು. "ನಿಮ್ಮಪ್ಪ ಇದಾನಲ್ಲ ಇಮ್ರಾನ್, ನನ್ನ ಎದುರು ರಿಂಗಿಗೆ ಬಂದ್ರೆ ಮೊಣಕಾಲು ಗಡಗಡ. ಒಂದ್ಸಲ ಹಗ್ಗದ ಕೆಳಗೆ ತೂರಿ ಓಡ್ತಿದ್ದ, ನಾನೇ ಹಿಡ್ಕೊಂಡೆ!"

ಧಡ್ ಎಂದು ಪ್ಯಾಡ್ ಸಿಡಿಯಿತು.

"ಇಷ್ಟೇನಾ? ನಿಮ್ಮಪ್ಪನೂ ಹಿಂಗೇ ಹೊಡೀತಿದ್ದ. ಸೊಳ್ಳೆ ಓಡ್ಸೋ ಥರ."

ಧಡ್! ಧಡ್!

"ಶುದ್ಧ ಸುಳ್ಳು!" ಎಂದು ನಾನು ಕಿಟಕಿಯಲ್ಲಿ ತಲೆ ಹಾಕಿದೆ. ದೊರೈ ಪ್ಯಾಡ್ ಬೀಸಿ ಓಡಿಸಿದ. ಆದರೆ ಓಡುವಾಗ ನನ್ನ ಕಿವಿಗೆ ಬಿದ್ದ ಆ ಮೂರನೆಯ ಹೊಡೆತದ ಸದ್ದು ಹೋಳಿಗೆಗಿಂತ ಸಿಹಿಯಾಗಿತ್ತು. ಸ್ವಂತ ಮಕ್ಕಳಿಗೆ ಕಲಿಸುವ ಕೋಚ್‌ಗಳಿಗೆ ನನ್ನದೊಂದು ಮಾತು. ನಿಮ್ಮ ಮಗು ನಿಮ್ಮ ಮೇಲಿನ ಪ್ರೀತಿಯಿಂದ ಕೈ ತಡೆಯಿತೆಂದರೆ, ನಿಮ್ಮನ್ನು ಚೆನ್ನಾಗಿ ಬೈಯಬಲ್ಲವನೊಬ್ಬನನ್ನು ಕರೆತನ್ನಿ.

ಪಂದ್ಯಾವಳಿ ಯಲಹಂಕದಲ್ಲಿ. ಇಮ್ರಾನ್ ಫೈನಲ್ ತಲುಪಿದ. ರಿಂಗಿನ ಅವನ ಮೂಲೆಯಲ್ಲಿ ಕೋಚ್ ಆಗಿ ದೊರೈ ಇದ್ದ. ನಾನು ಪ್ರೇಕ್ಷಕರ ಸಾಲಿನಲ್ಲಿ ಶಮೀಮಳ ಪಕ್ಕ ಕೂತಿದ್ದೆ. ಅವಳು ಬಾಕ್ಸಿಂಗ್ ನೋಡಲು ಬಂದದ್ದು ಅದೇ ಮೊದಲು. ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದಳು. ನಮ್ಮವನದು ನೀಲಿ ಬನಿಯನ್, ಎದುರಾಳಿಯದು ಕೆಂಪು ಎಂದು ಎರಡು ಸಲ ಹೇಳಿದ್ದೆ. ಕೂತಲ್ಲಿಂದ ಕೂಗಿ ಸೂಚನೆ ಕೊಡುವಂತಿಲ್ಲ ಎನ್ನುವುದು ನಿಯಮ. ನಾನೇ ನೂರಾರು ಮಕ್ಕಳಿಗೆ ಕಲಿಸಿದ ನಿಯಮ. ಮೊದಲ ಸುತ್ತಿನಲ್ಲಿ ಕೂಗಿದೆ, ರೆಫರಿ ತಿರುಗಿ ನೋಡಿದರು. ಎರಡನೆಯದರಲ್ಲಿ ಕುರ್ಚಿ ಮೇಲೆ ಹತ್ತಿ ಕೂಗಿದೆ. ಅಧಿಕಾರಿಯೊಬ್ಬರು ಬಂದು ತೋಳು ಹಿಡಿದು, "ಹಿರಿಯರು ನೀವೇ ಹಿಂಗೆ ಮಾಡಿದ್ರೆ ಹೆಂಗೆ ಸಾರ್?" ಎಂದು ಹೊರಗೆ ಬಿಟ್ಟು ಬಾಗಿಲು ಹಾಕಿಸಿದರು.

ಹೊರಗೆ ಒಬ್ಬ ಸೆಕ್ಯುರಿಟಿ, ಗೇಟಿನ ಹತ್ತಿರ ಎಳನೀರಿನ ಗಾಡಿ. ಒಳಗೆ ಮೂರನೆಯ ಸುತ್ತಿನ ಗಂಟೆ ಬಾರಿಸಿತು. ನಾನು ಶಮೀಮಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಏನಾಗ್ತಿದೆ ಹೇಳು!"

"ಹೊಡೆದ!"

"ಯಾರು?"

"ಅವನು!"

"ಯಾವನು?"

"ಇರಿ, ಇಬ್ರೂ ತಬ್ಕೊಂಡ್ರು. ರಾಜಿ ಆದ್ರು ಅನ್ಸುತ್ತೆ."

"ರಾಜಿ ಅಲ್ಲ ಕಣೇ, ಅದು ಹಿಡಿತ!"

"ಬಿಳಿ ಶರ್ಟಿನವನು ಬಿಡಿಸಿದ. ಚೆನ್ನಾಗಿದ್ದೋರನ್ನ ಯಾಕೆ ಬಿಡಿಸ್ಬೇಕು ಅವನು?" ಸೆಕ್ಯುರಿಟಿಯವನು ಹತ್ತಿರ ಸರಿದ. ಎಳನೀರಿನವನು ಮಚ್ಚು ಹಿಡಿದುಕೊಂಡೇ ಬಂದು ಬಗ್ಗಿದ. ಒಳಗೆ ಒಮ್ಮೆಲೆ ಸಭಾಂಗಣವೇ ಕಿರುಚಿತು. ಫೋನಿನಲ್ಲಿ ಗರಗರ ಸದ್ದು.

"ಶಮೀಮ್! ಏನಾಯ್ತು?"

"ಬಿದ್ದ" ಎಂದಳು. "ಅಜೀ, ಹುಡುಗ ಬಿದ್ದ. ಬಿಳಿ ಶರ್ಟಿನವನು ಎಣಿಸ್ತಿದ್ದಾನೆ."

"ಯಾವ ಹುಡುಗ? ಬಣ್ಣ ಹೇಳು, ಬಣ್ಣ!"

ಅವಳು ಬಣ್ಣ ಹೇಳಲಿಲ್ಲ. ಅಳುತ್ತಿದ್ದಳು. ಎಳನೀರಿನವನು ಮಚ್ಚು ಕೆಳಗಿಟ್ಟ. ಮೂಗೊರೆಸಿಕೊಂಡು ಶಮೀಮ್ ಹೇಳಿದಳು, "ಪಾಪ, ಯಾರ ಮಗನೋ ಏನೋ."

ನಾನು ಫೋನ್ ಮೇಲಕ್ಕೆಸೆದೆ. ಸೆಕ್ಯುರಿಟಿ ಅದನ್ನು ಗಾಳಿಯಲ್ಲೇ ಹಿಡಿದ. "ನಮ್ಮೋನಲ್ಲ! ಬಿದ್ದೋನು ನಮ್ಮೋನಲ್ಲ!" ಎಂದು ಮೂವರೂ ಕೈ ಹಿಡಿದು ಕುಣಿದೆವು. ಬಿದ್ದ ಹುಡುಗ ಎದ್ದು ಗಟ್ಟಿಯಾಗಿ ಆಡಿದನಂತೆ, ಒಳ್ಳೆಯ ಬಾಕ್ಸರ್. ಗಂಟೆ ಬಾರಿಸಿ, ತೀರ್ಪು ಓದಿ, ನೀಲಿಯ ಕೈ ಎತ್ತಿದಾಗ ಎಳನೀರಿನವನು ಸಂತೋಷಕ್ಕೆ ಯಾರೂ ಕೇಳದ ಮೂರು ಕಾಯಿ ಕೆತ್ತಿಬಿಟ್ಟಿದ್ದ.

ಇಮ್ರಾನ್ ಹೊರಗೆ ಓಡಿ ಬಂದ. "ಅಬ್ಬಾ, ಆ ಹುಕ್ ನೋಡಿದ್ರಾ?"

"ಇಲ್ಲ ಕಣೋ. ನನ್ನ ಹೊರಗೆ ಹಾಕಿದ್ರು."

ಅವನ ಮುಖ ಸಣ್ಣದಾಯಿತು. ಶಮೀಮ್ ಎಲ್ಲರನ್ನೂ ಆಟೋಗೆ ತುಂಬಿದಳು. ದೊರೈ ಡ್ರೈವರ್ ಪಕ್ಕ ತೂರಿಕೊಂಡ. ದಾರಿಯುದ್ದಕ್ಕೂ ಅವನೊಂದು ಹೇಳಿದ, ಶಮೀಮ್ ಒಂದು ಹೇಳಿದಳು, ಎರಡಕ್ಕೂ ತಾಳೆಯೇ ಇಲ್ಲ. ಹೆಬ್ಬಾಳ ಬಂತು. ಎಂದಿನಂತೆ ಸರ್ವಿಸ್ ರಸ್ತೆಯಲ್ಲಿ ಗಾಡಿಗಳು ಹೊಲಿದಿಟ್ಟ ಹಾಗೆ ನಿಂತಿದ್ದವು. ಡ್ರೈವರ್ ಎಂಜಿನ್ ಆರಿಸಿ, "ಇನ್ನು ಅರ್ಧ ಗಂಟೆ ಗ್ಯಾರಂಟಿ" ಎಂದ.

ಇಮ್ರಾನ್ ನನ್ನ ತೋಳು ಎಳೆದ. "ಇಳೀರಿ ಅಬ್ಬಾ, ತೋರಿಸ್ತೀನಿ. ನೀವು ಕೆಂಪು."

ಫುಟ್‌ಪಾತಿನ ಮೇಲೆ ನಾನು ಕೆಂಪು ಮೂಲೆಯ ಹುಡುಗನಾಗಿ ನಿಂತೆ. ದೊರೈ ರೆಫರಿಯಾದ. ಇಮ್ರಾನ್ ಎಡ ಹೊಡೆದು ತೋರಿಸಿದ, ಬಲ ಹೊಡೆದು ತೋರಿಸಿದ, ಸೊಂಟ ತಿರುಗಿಸಿ ಆ ಮೂರನೆಯದನ್ನು ನನ್ನ ಗದ್ದದಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದ. ಎಂಥ ಚಂದ! ನಾನು ಖುಷಿಯಿಂದ ಅಂಗಾತ ಬಿದ್ದೆ. ದೊರೈ ಬಗ್ಗಿ ಎಣಿಸತೊಡಗಿದ. ಬೈಕಿನವರು ಹಾರ್ನ್ ಬಾರಿಸಿದರು, ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಹೊರಬಂದವು. "ಏಳು ತಾತ, ಏಳು!" ಎಂದು ಯಾರೋ ಕೂಗಿದರು. ನಾನೆದ್ದು ಕೂತು ಮಗನಿಗೆ ಹೇಳಿದೆ, "ಇನ್ನೊಂದ್ಸಲ ತೋರ್ಸು."

ಆಗ ಶಮೀಮಳ ಕಿರುಚಾಟ ಕೇಳಿಸಿತು. ತಿರುಗಿ ನೋಡಿದರೆ ಮುಂದಿನ ಗಾಡಿಗಳು ಹೊರಟಿದ್ದವು. ಹಿಂದಿನವರ ಹಾರ್ನಿಗೆ ಹೆದರಿ ನಮ್ಮ ಆಟೋ ಕೂಡ ಹೊರಟಿತ್ತು. ಅವಳು ಅರ್ಧ ಹೊರಗೆ ಬಾಗಿ, "ಓಡ್ರೋ ಹುಚ್ಚುಗಳಾ!" ಎನ್ನುತ್ತಿದ್ದಳು. ಕೊರಳಲ್ಲಿ ಪದಕ ಹಾರಿಸಿಕೊಂಡು ಇಮ್ರಾನ್ ಮುಂದೆ, ಬಿದ್ದು ಬಿದ್ದು ನಗುತ್ತಾ ನಾನು ನಡುವೆ, ಮಂಡಿ ಹಿಡಿದುಕೊಂಡು ನನ್ನನ್ನು ಶಪಿಸುತ್ತಾ ದೊರೈ ಹಿಂದೆ, ಮೂವರೂ ಆಟೋದ ಬೆನ್ನು ಹತ್ತಿದೆವು. ಹೆಬ್ಬಾಳದಲ್ಲಿ ಟ್ರಾಫಿಕ್ ಅಷ್ಟು ಬೇಗ ಬಿಟ್ಟಿದ್ದನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.